490 ಮೀಟರಿನಲ್ಲಿ ಒಂದು ಪ್ರಶ್ನೆ

ನಮ್ಮಿಬ್ಬರ ಮದುವೆ ಆಗುತ್ತದೆ ಅಂತ ಎರಡೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಅಜ್ಜಿ ನನಗೆಂದು ಒಂದು ಸೀರೆ ತೆಗೆದಿಟ್ಟಿದ್ದರು. ನಮ್ಮಪ್ಪ ಸುಮ್ನೆ ಎಂಬಂತೆ ಹೋಗಿ ಎರಡು ಛತ್ರಗಳ ಬಾಡಿಗೆ ವಿಚಾರಿಸಿಕೊಂಡು ಬಂದಿದ್ದರು. ಆದರೆ 'ಮದುವೆ ಆಗೋಣ್ವಾ' ಅಂತ ನಾನು ಅವನನ್ನು ಕೇಳಿರಲಿಲ್ಲ, ಅವನು ನನ್ನನ್ನು ಕೇಳಿರಲಿಲ್ಲ. ಊರೆಲ್ಲ ಉತ್ತರ ಬರೆದುಕೊಂಡು ಕೂತಿತ್ತು, ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ. ನಾನೇ ಕೇಳಿಬಿಡೋಣ ಅಂದುಕೊಂಡೆ.

ಹೇಗೆ ಕೇಳುವುದು ಅಂತ ಹೊಳೆದದ್ದು ಅವನ ತಾತನ ರೇಡಿಯೋದಿಂದ. ಅವನ ಮನೆ ಮೈಸೂರಿನ ಯಾದವಗಿರಿಯಲ್ಲಿ, ಆಕಾಶವಾಣಿಗೆ ನಡೆದುಹೋಗುವಷ್ಟು ಹತ್ತಿರ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿ 'ಆಕಾಶವಾಣಿ' ಅಂತ ಹೆಸರಿಟ್ಟ ಊರು ಇದು. ಆ ಹೆಸರನ್ನು ದೇಶದ ಬಾನುಲಿ ಆಮೇಲೆ ತೆಗೆದುಕೊಂಡಿತು. ತಾತ ಇದನ್ನು ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರಂತೆ, ಗ್ಯಾಸ್ ಸಿಲಿಂಡರ್ ತಂದವನಿಗೂ. ತಾತ ಹೋದ ಮೇಲೆ ರೇಡಿಯೋ ಅಟ್ಟ ಸೇರಿತು. ಚಿಕ್ಕವನಿದ್ದಾಗ ತಾತನ ತೊಡೆಯ ಮೇಲೆ ಕೂತು ಅದರ ಹಸಿರು ಕಣ್ಣನ್ನು ನೋಡುತ್ತಿದ್ದೆ ಅಂತ ಅವನು ನನಗೆ ಹತ್ತು ಸಲವಾದರೂ ಹೇಳಿದ್ದಾನೆ. ಸ್ಟೇಷನ್ ಸರಿಯಾಗಿ ಸಿಕ್ಕಾಗ ಎರಡು ಹಸಿರು ಪಟ್ಟಿಗಳು ಬಂದು ಕೂಡುತ್ತವೆ. ಮ್ಯಾಜಿಕ್ ಐ ಅಂತಾರಲ್ಲ, ಅದು.

ಅವನ ಅಮ್ಮನಿಗೆ ಫೋನ್ ಮಾಡಿದೆ. "ಆಂಟಿ, ಆ ರೇಡಿಯೋ ನನಗೆ ಒಂದೆರಡು ತಿಂಗಳು ಬೇಕು. ಅವನಿಗೆ ಗೊತ್ತಾಗಬಾರದು." ಯಾಕೆ ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಗುಜರಿಗೆ ಹಾಕ್ದೆ ಅಂತ ಹೇಳ್ಬಿಡ್ತೀನಿ ಬಿಡು. ಅವನೇನು ಅಟ್ಟ ಹತ್ತಿ ನೋಡ್ತಾನಾ?" ಅಂದರು.

ಹತ್ತಿ ನೋಡಿದ. ಆ ವಿಷಯ ಆಮೇಲೆ.

ಮೊದಲ ಶನಿವಾರ: ಪ್ಲಗ್ ಹಾಕಬೇಡಿ

ಅವನ ಭಾವ ಆಟೋದಲ್ಲಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ತಂದುಕೊಟ್ಟರು. ಹಿಂದಿನ ರಟ್ಟು ತೆಗೆದರೆ ಒಂದು ಇಲಿಗೂಡು, ಅರ್ಧ ಕಡಲೆಕಾಯಿ, ಜೊತೆಗೆ ಪೋಸ್ಟಾಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕ. ವರ್ಷ ವರ್ಷವೂ ದುಡ್ಡು ಕಟ್ಟಿ ಸ್ಟಾಂಪು ಅಂಟಿಸಿದ ಪುಟಗಳು. ಒಂದು ವರ್ಷವೂ ತಪ್ಪಿಲ್ಲ.

ಹಳೇ ರೇಡಿಯೋ ಸಿಕ್ಕಿದ ತಕ್ಷಣ 'ಬರುತ್ತಾ ನೋಡೋಣ' ಅಂತ ಕರೆಂಟ್ ಕೊಡುವವರೇ ಜಾಸ್ತಿ. ದಯವಿಟ್ಟು ಬೇಡ. ಎಷ್ಟೋ ವರ್ಷ ಸುಮ್ಮನೆ ಬಿದ್ದಿದ್ದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಶಾರ್ಟ್ ಆಗಿ, ಜೊತೆಗೆ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕಬಹುದು. ನಾನು ಮೊದಲು ಮಾಡಿದ್ದು ಬ್ರಷ್ ಹಿಡಿದು ಧೂಳು ತೆಗೆಯುವುದು, ಆಮೇಲೆ ಪುಡಿಯಾಗುತ್ತಿದ್ದ ಮೇನ್ಸ್ ವೈರ್ ಕಿತ್ತುಹಾಕುವುದು.

ಒಂದು ಸಮಾಧಾನ ಇತ್ತು. ಇದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್. ಆಗಿನ ಕಾಲದಲ್ಲಿ ಎಸಿ-ಡಿಸಿ ಸೆಟ್ ಅಂತ ಇನ್ನೊಂದು ಬರುತ್ತಿತ್ತು. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಲೋಹದ ಚೌಕಟ್ಟು, ಅಂದರೆ ಚಾಸಿಯೇ ನೇರವಾಗಿ ಮೇನ್ಸಿಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಗೆ ಫೇಸ್ ಬರುತ್ತದೆ. ಅಂಥದ್ದಾಗಿದ್ದರೆ ನಾನು ಮುಂದೆ ಮಾಡಿದ ಯಾವ ಸರ್ಕಸ್ಸನ್ನೂ ಮಾಡುತ್ತಿರಲಿಲ್ಲ. ನೀವೂ ಮಾಡಬೇಡಿ.

ವಾಲ್ವ್‌ಗಳು, ಅಂದರೆ ಟ್ರಾನ್ಸಿಸ್ಟರಿಗಿಂತ ಹಿಂದಿನ ಕಾಲದ ಗಾಜಿನ ಕೊಳವೆಗಳು, ಐದು. ಇಸಿಎಚ್81, ಇಬಿಎಫ್89, ಇಸಿಎಲ್82, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಝಡ್80, ಮತ್ತೆ ಕಣ್ಣು, ಇಎಂ84. ಐದರ ಹೀಟರೂ ಹರಿದಿರಲಿಲ್ಲ.

ಮುಂದಿನ ಎರಡು ವಾರ: ಕೆಪಾಸಿಟರ್, ಮತ್ತೆ ಒಂದು ಕೆಂಪು ಬೆಳಕು

ಬೆಂಗಳೂರಿನ ಎಸ್‌ಪಿ ರಸ್ತೆಗೆ ಒಂದು ಸಲ ಹೋಗಿಬಂದೆ. 47 ಮೈಕ್ರೋಫ್ಯಾರಡ್, 450 ವೋಲ್ಟಿನ ಎರಡು ಎಲೆಕ್ಟ್ರೋಲೈಟಿಕ್, 630 ವೋಲ್ಟಿನ ಫಿಲಂ ಕೆಪಾಸಿಟರ್ ಒಂದು ಹಿಡಿ. ಹಳೇ ಡಬ್ಬಿ ಕೆಪಾಸಿಟರಿನ ಒಳಗಿದ್ದದ್ದನ್ನು ತೆಗೆದು ಹೊಸದನ್ನು ಅದರೊಳಗೇ ಕೂರಿಸಿದೆ. ಹೊರಗಿನಿಂದ ತಾತನ ಕಾಲದ್ದೇ ಕಾಣುತ್ತದೆ. 47ಕ್ಕಿಂತ ದೊಡ್ಡದು ಹಾಕಿದರೆ ಗುಂಯ್ ಸದ್ದು ಇನ್ನೂ ಕಮ್ಮಿ ಆಗುತ್ತೆ ಅಂತ ಅಂಗಡಿಯವನು ಹೇಳಿದ. ಆದರೆ ಇಝಡ್80ಗೆ ಮೊದಲ ಕೆಪಾಸಿಟರ್ 50 ದಾಟಬಾರದು. ವಾಲ್ವ್ ಉಳಿಯಬೇಕಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಪೀಕರನ್ನು ನಡೆಸುವ ಇಸಿಎಲ್82ರ ಪೆಂಟೋಡ್ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಹೋಗುವ ಕಪ್ಲಿಂಗ್ ಕೆಪಾಸಿಟರ್. ಹಳೇ ಕಾಗದದ್ದು ಸೋರುತ್ತದೆ. ಸೋರಿದರೆ ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ಮಿತಿಮೀರಿ ಎಳೆಯುತ್ತದೆ. ಬೇರೆ ಏನೂ ಬದಲಿಸದಿದ್ದರೂ ಇದನ್ನು ಬದಲಿಸಿ. ನಾನು 0.022 ಮೈಕ್ರೋಫ್ಯಾರಡಿನದು ಹಾಕಿದೆ.

ಆಮೇಲೆ 60 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟ್ ಕೊಟ್ಟೆ. ಶಾಕ್ ಹೊಡೆದರೂ ಎದೆಯ ಮೂಲಕ ಹರಿಯಬಾರದು ಅಂತ ಎಡಗೈ ಜೇಬಿನಲ್ಲಿ. ಬಲ್ಬ್ ಒಮ್ಮೆ ಜೋರಾಗಿ ಉರಿದು ಮಂಕಾಯಿತು. ಅಂದರೆ ಒಳಗೆ ಶಾರ್ಟ್ ಇಲ್ಲ. ವಾಲ್ವ್‌ಗಳು ಬೆಚ್ಚಗಾದವು. ಆದರೆ ಸ್ಪೀಕರಿನಿಂದ ಉಸಿರಿಲ್ಲ. ಬಗ್ಗಿ ನೋಡಿದರೆ ಇಸಿಎಲ್82ರ ಒಳಗೆ ಸ್ಕ್ರೀನ್ ಗ್ರಿಡ್ ಕೆಂಪಗೆ ಹೊಳೆಯುತ್ತಿತ್ತು. ತಕ್ಷಣ ಆಫ್ ಮಾಡಿದೆ.

ವಾಲ್ವಿನ ಆನೋಡಿಗೆ (ಕರೆಂಟ್ ಹೋಗಿ ಸೇರಬೇಕಾದ ತಗಡು) ವೋಲ್ಟೇಜ್ ತಲುಪದಿದ್ದರೆ ಕರೆಂಟೆಲ್ಲ ಸ್ಕ್ರೀನಿನ ಮೇಲೆ ಬೀಳುತ್ತದೆ. ಅಂದರೆ ವಾಲ್ವಿನಿಂದ ಸ್ಪೀಕರಿಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ, ಅಂದರೆ ವಾಲ್ವಿನ ಕಡೆಯ ಸುರುಳಿ, ಹರಿದಿದೆ. ಕೂದಲಿನಂಥ ತಾಮ್ರದ ತಂತಿ, ಅಷ್ಟು ವರ್ಷದ ತೇವ, ಹಸಿರು ಹಿಡಿದು ತುಂಡಾಗಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಪಂಪ್‌ಸೆಟ್, ಮಿಕ್ಸಿ ವೈಂಡಿಂಗ್ ಮಾಡುವವರೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. "ಇಷ್ಟು ಸಣ್ಣ ತಂತಿ ನಮ್ಮಲ್ಲಿಲ್ಲಮ್ಮ, ತಂದುಕೊಟ್ರೆ ಸುತ್ತಿಕೊಡ್ತೀನಿ" ಅಂದರು. 42 ಗೇಜಿನ ತಂತಿ ತಂದುಕೊಟ್ಟೆ. ವಾಲ್ವಿಗೆ ಬೇಕಾದ್ದು 5,600 ಓಮ್, ಸ್ಪೀಕರ್ 4 ಓಮ್. ಭಾಗಿಸಿದರೆ 1,400, ಅದರ ವರ್ಗಮೂಲ ಸುಮಾರು 37, ಎರಡು ಸುರುಳಿಗಳ ಸುತ್ತಿನ ಅನುಪಾತ ಅಷ್ಟಿರಬೇಕು. ಪ್ರೈಮರಿ 2,800 ಸುತ್ತು, ಸೆಕೆಂಡರಿ 75. ಪದರ ಪದರಕ್ಕೂ ಕಾಗದ. ಅವರು ಕೌಂಟರ್ ಮೆಷೀನಿನಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ತಂತಿ ಎರಡು ಸಲ ಹರಿಯಿತಂತೆ, ದುಡ್ಡು ಮಾತ್ರ ಜಾಸ್ತಿ ಕೇಳಲಿಲ್ಲ.

ಒಂದೇ ಒಂದು ಎಡವಟ್ಟು. ಅಭ್ಯಾಸಬಲದಿಂದ ಕಬ್ಬಿಣದ ಪಟ್ಟಿಗಳನ್ನು ಒಂದು ಆ ಕಡೆ ಒಂದು ಈ ಕಡೆ ಹೆಣೆದು ಜೋಡಿಸಿದ್ದರು. ಈ ಟ್ರಾನ್ಸ್‌ಫಾರ್ಮರಿನಲ್ಲಿ ಡಿಸಿ ಕೂಡ ಹರಿಯುವುದರಿಂದ ಹಾಗೆ ಮಾಡಿದರೆ ಕಬ್ಬಿಣದ ಕಾಂತತ್ವ ತುಂಬಿಹೋಗಿ ದನಿ ಒಡೆಯುತ್ತದೆ. ಎಲ್ಲ ಬಿಚ್ಚಿ, 'ಇ' ಆಕಾರದವು ಒಂದು ಕಡೆ, 'ಐ' ಆಕಾರದವು ಇನ್ನೊಂದು ಕಡೆ, ಮಧ್ಯೆ ಒಂದು ತೆಳು ಕಾಗದ ಇಟ್ಟು ಮತ್ತೆ ಬಿಗಿದೆ.

ಅವತ್ತು ಸಂಜೆ ಕಿಟಕಿಯಾಚೆಗೆ ಹತ್ತಡಿ ವೈರ್ ಬಿಟ್ಟು ಮುಳ್ಳನ್ನು ತಿರುಗಿಸುತ್ತ ಹೋದೆ. 490 ಮೀಟರಿನಲ್ಲಿ (ಹಳೇ ಡಯಲಿನಲ್ಲಿ ಸ್ಟೇಷನ್ನಿನ ಗುರುತು ಅದರ ತರಂಗದ ಉದ್ದ), ಅಂದರೆ ಈಗಿನ ಲೆಕ್ಕದಲ್ಲಿ 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿ ಬಂತು. ಯಾರೋ ತೊಗರಿ ಬೆಳೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಒಬ್ಬಳೇ ಕೂತು ತೊಗರಿಗೆ ಬರುವ ಹುಳದ ಬಗ್ಗೆ ಹದಿನೈದು ನಿಮಿಷ ಕೇಳಿದೆ.

ಗುಜರಿ

ಅದೇ ವಾರ ಅವನು ಹಳೇ ಸೂಟ್‌ಕೇಸ್ ಹುಡುಕಲು ಅಟ್ಟ ಹತ್ತಿದ. ರೇಡಿಯೋ ಇಲ್ಲ. ಅಮ್ಮ ಅಂದುಕೊಂಡಂತೆಯೇ ಹೇಳಿದರು. ರಾತ್ರಿ ನನಗೆ ಫೋನ್ ಬಂತು. "ಗುಜರಿಗೆ ಹಾಕಿದಾರೆ ಕಣೇ. ತಾತನ ರೇಡಿಯೋನ. ಕೆಜಿ ಲೆಕ್ಕದಲ್ಲಿ."

ರೇಡಿಯೋ ನನ್ನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ನಾನು ಸ್ಪೀಕರ್ ಫೋನ್ ಹಾಕಿ, ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು, "ಅಯ್ಯೋ, ಹೌದಾ" ಅಂದೆ. ಇಷ್ಟು ಕೆಟ್ಟದಾಗಿ ನಾನು ಯಾವತ್ತೂ ಸುಳ್ಳು ಹೇಳಿಲ್ಲ. ಅವನು ಬೇಜಾರಿನಲ್ಲಿದ್ದ, ಗಮನಿಸಲಿಲ್ಲ.

ಅವನು ಅಮ್ಮನ ಹತ್ತಿರ ಮಾತು ಬಿಟ್ಟ. ಎರಡು ಗುಜರಿ ಅಂಗಡಿಗೆ ಹೋಗಿ ಹುಡುಕಿಕೊಂಡೂ ಬಂದ. ನಾಲ್ಕನೇ ದಿನ ಅಮ್ಮ ಫೋನ್ ಮಾಡಿ, "ತಟ್ಟೆ ಮುಂದೆ ಕೂತ್ಕೊಂಡು ಮಾತಾಡ್ದೆ ಎದ್ದು ಹೋಗ್ತಾನೆ. ಹೇಳ್ಬಿಡ್ಲೇನೇ?" ಅಂದರು. ನನಗೂ ಹೇಳಿಬಿಡೋಣ ಅನ್ನಿಸಿತು. "ಇನ್ನು ಮೂರೇ ವಾರ ಆಂಟಿ" ಅಂದೆ. "ಮೂರು ವಾರ ಅಂದ್ರೆ ಮೂರೇ ವಾರ. ಆಮೇಲೆ ನಾನು ತಡ್ಕೊಳಲ್ಲ" ಅಂದರು. ಈ ಕೆಲಸದ ಕಷ್ಟದ ಭಾಗ ಅವರ ಪಾಲಿಗೆ ಬಿದ್ದಿತ್ತು. ನನ್ನದು ಬರೀ ಬೆಸುಗೆ.

ಒಳಗಿನ ಕಳ್ಳ ಸ್ಟೇಷನ್

ಯೋಜನೆ ಇಷ್ಟು. ಅವನು ಮುಳ್ಳನ್ನು 490ಕ್ಕೆ ತರುತ್ತಾನೆ. ನಿಜವಾದ ಬೆಂಗಳೂರು ಬರುತ್ತದೆ. ಕೆಲವು ಸೆಕೆಂಡ್ ಆದ ಮೇಲೆ ಅದು ಹೋಗಿ ನಮ್ಮ 'ಸ್ಟೇಷನ್' ಬರುತ್ತದೆ. ಕೊನೆಗೆ ನನ್ನ ಪ್ರಶ್ನೆ. ಆಮೇಲೆ ಹಸಿರು ಪಟ್ಟಿಗಳು ನಿಧಾನವಾಗಿ ಕೂಡಬೇಕು.

ಮುಳ್ಳಿನ ಹಿಂದೆ ಒಂದು ಪುಟ್ಟ ಅಯಸ್ಕಾಂತ, ಡಯಲಿನ ಹಿಂದೆ 490ರ ಜಾಗದಲ್ಲಿ, ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ರೀಡ್ ಸ್ವಿಚ್. ಮುಳ್ಳು ಅಲ್ಲಿಗೆ ಬಂದು 3 ಸೆಕೆಂಡ್ ನಿಂತರೆ ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಎಳೆಯುತ್ತದೆ. ರಿಲೇ ವಾಲ್ಯೂಮ್ ಕಂಟ್ರೋಲಿಗೆ ಬರುವ ಸದ್ದನ್ನು ರೇಡಿಯೋದಿಂದ ಬಿಡಿಸಿ ಪುಟ್ಟ ಎಂಪಿ3 ಮಾಡ್ಯೂಲಿಗೆ ಸೇರಿಸುತ್ತದೆ. ಮಧ್ಯೆ 600 ಓಮಿನ ಆಡಿಯೋ ಟ್ರಾನ್ಸ್‌ಫಾರ್ಮರ್ ಒಂದಿದೆ, ಗುಂಯ್ ಬರಬಾರದು ಅಂತ.

ಮೊದಲು ಅಂಟಿಸಿದ ಅಯಸ್ಕಾಂತ ಭಾರವಾಗಿ ಡಯಲ್ ದಾರ ಜಾರತೊಡಗಿತು. ನಾಬ್ ತಿರುಗಿದರೂ ಮುಳ್ಳು ಕದಲುತ್ತಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು, ಮೂರು ಪುಲ್ಲಿ ಒಂದು ಸ್ಪ್ರಿಂಗ್ ಸುತ್ತ ಹೊಸ ದಾರ ಕಟ್ಟಿದರು. ಒಂದೂವರೆ ಗಂಟೆ. ಮಧ್ಯದಲ್ಲಿ ಒಮ್ಮೆ, "ಛತ್ರ ನವೆಂಬರಿಗೆ ಖಾಲಿ ಇದೆಯಂತೆ" ಅಂದರು. ನಾನು ಕೇಳಿಸದವಳಂತೆ ಕೂತೆ.

ಕರೆಂಟ್ ಕೊಡುವುದರಲ್ಲೇ ಮೂರು ಸಲ ಬಿದ್ದೆ. ಮೊಬೈಲ್ ಚಾರ್ಜರನ್ನು ಒಳಗಿಟ್ಟರೆ ಮೀಡಿಯಂ ವೇವ್ ತುಂಬ ಗರಗರ. ಪವರ್ ಬ್ಯಾಂಕ್ ಇಟ್ಟರೆ, ಇಷ್ಟು ಕಡಿಮೆ ಕರೆಂಟು ಎಳೆಯುವುದು ಏನೂ ಅಲ್ಲ ಅಂತ ಅದು ಅರ್ಧ ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಕೊನೆಗೆ 4 ಪೆನ್ ಸೆಲ್ ಹಾಕಿದೆ. ಆಗಲೂ ನ್ಯಾನೋದ ಸಣ್ಣ ಕಿರಿಕಿರಿ ಉಳಿಯಿತು. ಎಲ್ಲವನ್ನೂ ಒಂದು ತುಪ್ಪದ ತಗಡಿನ ಡಬ್ಬದೊಳಗೆ ಹಾಕಿ, ಡಬ್ಬವನ್ನು ಚಾಸಿಗೆ ಬೆಸೆದ ಮೇಲೆ ನಿಂತಿತು.

ಇನ್ನು ಕಣ್ಣು. ಹಳೇದು ಮಂಕಾಗಿತ್ತು, ಹಗಲಲ್ಲಿ ಕಾಣುತ್ತಲೇ ಇರಲಿಲ್ಲ. ಹಳೇ ರೇಡಿಯೋ ಮೆಕಾನಿಕ್ ಒಬ್ಬರು ತಮ್ಮ ಡ್ರಾಯರಿನಿಂದ ಬಳಸದ ಒಂದು ಇಎಂ84 ಹುಡುಕಿಕೊಟ್ಟರು. ಅದರ ಗ್ರಿಡ್ಡಿಗೆ ಸುಮಾರು ಮೈನಸ್ 22 ವೋಲ್ಟ್ ಸಿಕ್ಕರೆ ಪಟ್ಟಿಗಳು ಪೂರ್ತಿ ಕೂಡುತ್ತವೆ. 9 ವೋಲ್ಟಿನ ಮೂರು ಬ್ಯಾಟರಿ ಸೇರಿಸಿದರೆ 27. ಅದನ್ನು 4.7 ಮೆಗಾಓಮಿನ ಮೂಲಕ 2.2 ಮೈಕ್ರೋಫ್ಯಾರಡಿನ ಫಿಲಂ ಕೆಪಾಸಿಟರಿಗೆ ತುಂಬಿಸಿದರೆ 22 ಮುಟ್ಟಲು 17 ಸೆಕೆಂಡ್ ಬೇಕು. ಗ್ರಿಡ್ ಏನೂ ಕುಡಿಯುವುದಿಲ್ಲ, ಬ್ಯಾಟರಿ ಹಾಗೇ ಇರುತ್ತದೆ. ಇದಕ್ಕೆ ಎರಡನೇ ರಿಲೇ.

ಮಲ್ಟಿಮೀಟರ್ ಹಿಡಿದು ನೋಡಿದರೆ ವೋಲ್ಟೇಜ್ 18.4ಕ್ಕೆ ನಿಂತುಬಿಟ್ಟಿತು. ಕೆಪಾಸಿಟರ್ ಸೋರುತ್ತಿದೆ ಅಂತ ಎರಡು ಸಲ ಬದಲಿಸಿದೆ. ರಾತ್ರಿ ಹಲ್ಲುಜ್ಜುವಾಗ ಹೊಳೆಯಿತು. ನನ್ನ ಮೀಟರೇ 10 ಮೆಗಾಓಮ್, 4.7ರ ಜೊತೆ ಸೇರಿ ಅದೇ ವೋಲ್ಟೇಜನ್ನು ಎಳೆದು ಇಳಿಸುತ್ತಿತ್ತು. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಮೀಟರ್ ಪರೀಕ್ಷಿಸುವುದು. ಇದನ್ನು ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ.

ರೆಕಾರ್ಡಿಂಗ್

ಅವನ ಅಕ್ಕನ ಮನೆಯಲ್ಲಿ, ಬೀರು ಬಾಗಿಲು ತೆಗೆದು, ರಜಾಯಿ ಹೊದ್ದುಕೊಂಡು ಫೋನಿನಲ್ಲಿ ಮಾಡಿದೆವು. ಆಮೇಲೆ ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ 150 ಹರ್ಟ್ಸಿನ ಕೆಳಗೆ ಮತ್ತು 4,500ರ ಮೇಲೆ ಕತ್ತರಿಸಿದರೆ ದನಿ ತಕ್ಷಣ ಮೀಡಿಯಂ ವೇವ್ ಆಯಿತು. ಅಕ್ಕ ಉದ್ಘೋಷಕಿ, ಅಮ್ಮ ಪೇಟೆ ಧಾರಣೆ, ಭಾವ ಹವಾಮಾನ, ಅಜ್ಜಿ ಚಿಂತನ. ಅಜ್ಜಿಗೆ ಬರೆದುಕೊಟ್ಟಿದ್ದು ನಾಲ್ಕು ಸಾಲು. ಅವರು ಅದನ್ನು ಪಕ್ಕಕ್ಕಿಟ್ಟು, "ನನಗೀಗ ಎಂಬತ್ತಾರು. ಇನ್ನು ಕಾಯೋಕೆ ಆಗಲ್ಲ. ಇಷ್ಟೇ ಚಿಂತನ" ಅಂದರು. ಎರಡನೇ ಟೇಕ್ ಬೇಕಾಗಲಿಲ್ಲ.

ನನ್ನ ಭಾಗಕ್ಕೆ ಹನ್ನೊಂದು ಟೇಕ್ ಆಯಿತು.

ಭಾನುವಾರ ಸಂಜೆ

ರೇಡಿಯೋವನ್ನು ಅದರ ಹಳೇ ಜಾಗದಲ್ಲಿ, ತಾತನ ಫೋಟೋ ಕೆಳಗಿನ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆವು. ಅಜ್ಜಿ ಕ್ರೋಶಾ ಹೊದಿಕೆ ಕೂಡ ಹಾಕಿದ್ದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದವನು ಅಲ್ಲೇ ನಿಂತ. ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ, "ಗುಜರಿಗೆ ಹಾಕಿದೆ ಅಂದ್ಯಲ್ಲಮ್ಮ?"

ಅಮ್ಮ ನನ್ನ ಕಡೆ ಕೈ ತೋರಿಸಿ, "ಅಗೋ, ಅಲ್ಲಿ ನಿಂತಿದಾಳಲ್ಲ, ಅವಳೇ ಗುಜರಿ" ಅಂದರು.

ರಿಪೇರಿ ಮಾಡಿಸಿ ಉಡುಗೊರೆ ಕೊಟ್ಟಿದ್ದೀವಿ, ಅಷ್ಟೇ ಅಂದುಕೊಂಡ. ಆನ್ ಮಾಡಿದ. ವಾಲ್ವ್ ಬೆಚ್ಚಗಾಗುವವರೆಗೆ ಎಲ್ಲರೂ ಸುಮ್ಮನೆ. ಆಮೇಲೆ ಬಂತು ನೋಡಿ, ಜೋರು ಗರಗರ. ನನ್ನ ರೂಮಿನಲ್ಲಿ ಇರದಿದ್ದ ಸದ್ದು. ಅವರ ಹಾಲಿನ ಎಲ್‌ಇಡಿ ಟ್ಯೂಬ್‌ಲೈಟು! ಅದರೊಳಗಿನ ಡ್ರೈವರ್ ಮೀಡಿಯಂ ವೇವನ್ನು ಕೆಡಿಸುತ್ತದೆ ಅನ್ನುವುದು ನನಗೆ ಗೊತ್ತಿತ್ತು, ನೆನಪಾಗಿರಲಿಲ್ಲ. ಮನೆಯ ಲೈಟೆಲ್ಲ ಆರಿಸಿದೆವು. ದೇವರ ಮನೆಯ ದೀಪ, ಡಯಲಿನ ಹಳದಿ ಬೆಳಕು, ಹಸಿರು ಕಣ್ಣು. ಅಷ್ಟೇ ಉಳಿಯಿತು. ನಾವು ಪ್ಲ್ಯಾನ್ ಮಾಡಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಅವನು ಮುಳ್ಳನ್ನು ಇನ್ನೊಂದು ತುದಿಗೆ ತಿರುಗಿಸಿದ. 490 ದಾಟಿ ಹೋಯಿತು. ಮತ್ತೆ ವಾಪಸ್ ಬಂದು ಮತ್ತೆ ದಾಟಿತು. ನಿಲ್ಲಿಸಲೇ ಇಲ್ಲ. ಅಜ್ಜಿ ತಡೆಯಲಾರದೆ, "ಬೆಂಗಳೂರು ಹಾಕೋ. ನಾನೂರ ತೊಂಬತ್ತು" ಅಂದರು. "ಮೀಟರೆಲ್ಲ ನೆನಪಿದೆಯಾ ಅಜ್ಜಿ ನಿನಗೆ?" ಅಂತ ನಗುತ್ತ ತಿರುಗಿಸಿದ.

ಬೆಂಗಳೂರು ಬಂತು. ಒಂದು, ಎರಡು, ಮೂರು. ಟಿಕ್. ಅಕ್ಕನ ದನಿ: "ಇದೀಗ ಯಾದವಗಿರಿಯ ಮನೆ ಬಾನುಲಿ." ಅವನು ಅಕ್ಕನನ್ನು ನೋಡಿದ. ಅಕ್ಕ ಸೀಲಿಂಗ್ ಫ್ಯಾನ್ ನೋಡುತ್ತಿದ್ದಳು. ಕೊಬ್ಬರಿ ಧಾರಣೆ ಬಂತು, ಮನೆಯಲ್ಲಿ ಮೂರು ವಾರದಿಂದ ಮೋಡ ಕವಿದಿದೆ ಅನ್ನುವ ಹವಾಮಾನ ಬಂತು, ಚಿಂತನ ಬಂತು. ಕೊನೆಗೆ ನಾನು. "ಎಲ್ಲರೂ ಉತ್ತರ ಹೇಳ್ತಿದಾರೆ, ನಾನಿನ್ನೂ ಕೇಳೇ ಇಲ್ಲ. ಅದಕ್ಕೆ ಕೇಳ್ತಿದೀನಿ. ನಾವಿಬ್ಬರೂ ಮದುವೆ ಆಗೋಣ್ವಾ?"

ಇನ್ನೊಂದು ಟಿಕ್. ಕಣ್ಣು ಅಗಲವಾಗಿ ತೆರೆಯಿತು. ಪಟ್ಟಿಗಳು ಎರಡೂ ಕಡೆಯಿಂದ ಬರತೊಡಗಿದವು.

ಅವನು ಮಾತಾಡಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಕಣ್ಣನ್ನೇ ನೋಡುತ್ತಾ ಕೂತ. 17 ಸೆಕೆಂಡ್ ಅಂದರೆ ಕಾಗದದ ಮೇಲೆ ಸಣ್ಣ ಅಂಕಿ. ಅವತ್ತು ನಾನು ಯಾಕೆ 1 ಮೆಗಾಓಮ್ ಹಾಕಲಿಲ್ಲ ಅಂತ ಬೈದುಕೊಂಡೆ. ಹತ್ತನೇ ಸೆಕೆಂಡಿಗೆ ಅಮ್ಮ "ಹೇಳೋ" ಅಂದರು. ಅಜ್ಜಿ, "ಶ್, ಸುಮ್ನಿರೇ" ಅಂತ ಅವರನ್ನು ಗದರಿದರು.

ಪಟ್ಟಿಗಳು ಕೂಡಿದವು.

"ಸಿಕ್ತು" ಅಂದ.

ನನಗೆ ಅರ್ಥವಾಗಲಿಲ್ಲ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಣ್ಣು ಕೂಡುವವರೆಗೆ ಯಾರೂ ಉಸಿರೆತ್ತಬಾರದು, ಕೂಡಿದ ಮೇಲೆ 'ಸಿಕ್ತು' ಅನ್ನಬೇಕು, ಅದು ತಾತನ ನಿಯಮವಂತೆ. ಇದೊಂದನ್ನು ಅವನು ನನಗೆ ಹೇಳಿರಲಿಲ್ಲ. "ಹೂಂ ಅಂತ ಹೇಳ್ಬಿಡು ಈಗ, ಅವಳಿಗೆ ಗೊತ್ತಾಗ್ಲಿಲ್ಲ" ಅಂತ ಅಕ್ಕ ಹೇಳಿದ ಮೇಲೆ ಹೂಂ ಅಂದ.

ಈಗಿನ ಸ್ಥಿತಿ

ತುಪ್ಪದ ಡಬ್ಬ, ರಿಲೇ, ಬ್ಯಾಟರಿ ಎಲ್ಲ ತೆಗೆದು ವೈರಿಂಗನ್ನು ಮೊದಲಿನಂತೆ ಮಾಡಿದ್ದೇನೆ. ಅಯಸ್ಕಾಂತ ಮಾತ್ರ ಮುಳ್ಳಿನ ಹಿಂದೆ ಹಾಗೇ ಇದೆ. ಅದನ್ನು ಕೀಳಲು ಹೋದರೆ ಅಪ್ಪ ಕಟ್ಟಿದ ದಾರ ಬಿಚ್ಚಬೇಕು. ಶಾರ್ಟ್‌ವೇವ್ ಬ್ಯಾಂಡ್ ಸ್ವಿಚ್ ಇನ್ನೂ ಕರಕರ ಅನ್ನುತ್ತದೆ, ಕ್ಲೀನರ್ ಹೊಡೆದು ನೋಡಬೇಕು.

ಅಜ್ಜಿಗೆ ಈಗ ದಿನಾ ಸಂಜೆ ವಾರ್ತೆ ರೇಡಿಯೋದಲ್ಲೇ ಬೇಕು. ಅದು ಮುಗಿಯುವವರೆಗೆ ಮನೆಯಲ್ಲಿ ಯಾರೂ ಎಲ್‌ಇಡಿ ಹಾಕುವಂತಿಲ್ಲ. ಅಮ್ಮ ಟಾರ್ಚ್ ಹಿಡಿದುಕೊಂಡು ಒಗ್ಗರಣೆ ಹಾಕುತ್ತಾರೆ. ಮೊನ್ನೆ ಫೋನ್ ಮಾಡಿ, "ನಿಜವಾಗ್ಲೂ ಗುಜರಿಗೇ ಹಾಕ್ಬೇಕಿತ್ತು ಕಣೇ" ಅಂದರು.